ಸಮುದ್ರದ ಪಂಚಾಂಗಕಾರ

ಪ್ರತಿವರ್ಷವೂ ಯುಗಾದಿಯ ದಿನ ನಮ್ಮ ಊರುಗಳಲ್ಲಿ ಪಂಚಾಂಗಶ್ರವಣವಾಗುತ್ತದೆ. ಮುಂದಿನ ಹನ್ನೆರಡು ತಿಂಗಳುಗಳಲ್ಲಿ ಹುಣ್ಣಿಮೆ ಎಂದು, ಅಮಾವಾಸ್ಯೆ ಎಂದು, ಗ್ರಹಣಸ್ಪರ್ಶ ಎಷ್ಟು ಘಳಿಗೆಗೆ ಎಂಬುದನ್ನು ಶಾಸ್ತ್ರಿಗಳು ಓದಿ ಹೇಳುವಾಗ ಕೇಳುವವರಾರಿಗೂ ಅದು ಆಶ್ಚರ್ಯವೆಂದು ತೋರುವುದಿಲ್ಲ. ಸೂರ್ಯಚಂದ್ರರ ಗತಿಯನ್ನು ಗಣಿತದಿಂದ ತಿಳಿಯಬಹುದೆಂಬುದು ನಮ್ಮ ಜನರಿಗೆ ಸಹಸ್ರಾರು ವರ್ಷಗಳಿಂದ ಅಭ್ಯಾಸವಾಗಿ ಹೋಗಿರುವ ಮಾತು. ಆದರೆ ಅದೇ ಸೂರ್ಯಚಂದ್ರರು ಎತ್ತಿ ಇಳಿಸುವ ಸಮುದ್ರದ ನೀರು ಬರುವ ವರ್ಷದ ಇಂಥ ದಿನ, ಇಂಥ ರೇವಿನಲ್ಲಿ, ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ, ಎಷ್ಟು ಅಡಿ ಏರುವುದೆಂದು ಹೇಳುವ ಪಂಚಾಂಗವೂ ಒಂದುಂಟು. ಅದನ್ನು ನೋಡದೆ ದೊಡ್ಡ ಹಡಗಿನ ನಾವಿಕನು ಅಳಿವೆಯನ್ನು ಹೊಗಲಾರನು. ಕರಾವಳಿಯವರಿಗೆ ಈ ವಿಷಯ ತಿಳಿದದ್ದೇ ಆದರೂ ಒಳನಾಡಿನಲ್ಲಿರುವ ನಮ್ಮ ವಾಚಕರಲ್ಲಿ ಅನೇಕರು ಇದನ್ನು ಕೇಳಿರಲಾರರು.

ಈ ಸಮುದ್ರದ ಪಂಚಾಂಗವನ್ನು ಶಾಸ್ತ್ರಶುದ್ಧಗೊಳಿಸುವುದಕ್ಕೆ ತಮ್ಮ ಜೀವಮಾನದ ನಲವತ್ತು ವರ್ಷಗಳನ್ನು ಸವೆಸಿದ ಮಹಾಶಯರೊಬ್ಬರ ವೃತ್ತಾಂತವನ್ನು ಇಂದು ನಮ್ಮ ವಾಚಕರ ಮುಂದಿಡಬೇಕೆಂದಿದ್ದೇವೆ. ಅವರ ಹೆಸರು ಆರ್ಥರ್ ಥಾಮಸ್ ಡೂಡ್ಸನ್. ಅವರು ಆಂಗ್ಲೇಯರು, ಕಿವುಡರು, ಯುದ್ಧವನ್ನು ಒಪ್ಪದವರು. ಅವರ ಕಥೆಯಲ್ಲಿ ವಿಜ್ಞಾನದ ಪಾಠವೊಂದುಂಟು. ರಾಜ್ಯಭಾರದ ಪಾಠವೂ ಒಂದುಂಟು. ಈ ಎರಡನೆಯ ಪಾಠವು ಮುನ್ನೂರಕ್ಕೂ ಹೆಚ್ಚು ಪ್ರಾಣಗಳನ್ನು ತೆತ್ತು ಕಲಿತದ್ದಾದುದರಿಂದ, ಅಧಿಕಾರಸ್ಥಾನದಲ್ಲಿರುವ ನಮ್ಮ ವಾಚಕರು ಅದನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ.

ಉಬ್ಬರವಿಳಿತದ ಲೆಕ್ಕ

ಮೊದಲು ವಿಷಯದ ಸ್ವರೂಪವನ್ನು ಅರಿಯೋಣ. ಚಂದ್ರನ ಆಕರ್ಷಣದಿಂದ ಸಮುದ್ರವು ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಏರುತ್ತದೆ. ಸೂರ್ಯನ ಆಕರ್ಷಣದಿಂದ 12 ಗಂಟೆಗಳಿಗೊಮ್ಮೆ ಏರುತ್ತದೆ. ಇವೆರಡೂ ಕೂಡಿಬಂದಾಗ, ಎಂದರೆ ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ, ಉಬ್ಬರವು ದೊಡ್ಡದಾಗುವುದು. ಅಷ್ಟಮಿಯ ಸುಮಾರಿಗೆ ಒಂದನ್ನೊಂದು ಕಳೆದು ಸಣ್ಣದಾಗುವುದು. ಇಷ್ಟೇ ಆಗಿದ್ದರೆ ಬೆಸ್ತರ ಬಾಯಿಲೆಕ್ಕವೇ ಸಾಕಾಗುತ್ತಿತ್ತು. ಆದರೆ ಚಂದ್ರನು ಭೂಮಿಗೆ ಒಮ್ಮೆ ಸಮೀಪವಾಗಿಯೂ ಒಮ್ಮೆ ದೂರವಾಗಿಯೂ ಇರುತ್ತಾನೆ; ಒಮ್ಮೆ ಉತ್ತರಕ್ಕೂ ಒಮ್ಮೆ ದಕ್ಷಿಣಕ್ಕೂ ವಾಲುತ್ತಾನೆ; ಅವನ ಪಥವೇ ಹದಿನೆಂಟು ವರ್ಷ ಏಳು ತಿಂಗಳ ಸುಮಾರಿಗೆ ಒಂದು ಸುತ್ತು ತಿರುಗುತ್ತದೆ. ಈ ಒಂದೊಂದು ವ್ಯತ್ಯಾಸವೂ ನೀರಿನ ಮೇಲೆ ತನ್ನ ಗುರುತನ್ನು ಬಿಡುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಲಾರ್ಡ್ ಕೆಲ್ವಿನ್ನರು ಇದಕ್ಕೊಂದು ಉಪಾಯವನ್ನು ಹೇಳಿದರು. ಒಂದು ರೇವಿನ ಉಬ್ಬರವನ್ನು ಅನೇಕ ಸರಳವಾದ ಏರಿಳಿತಗಳ ಮೊತ್ತವೆಂದು ಭಾವಿಸಬೇಕು. ಪ್ರತಿಯೊಂದು ಏರಿಳಿತಕ್ಕೂ ಅದರದೇ ಆದ ಕಾಲಾವಧಿಯುಂಟು, ಆ ಅವಧಿಯನ್ನು ಆಕಾಶದ ಗಣಿತವು ಹೇಳುತ್ತದೆ. ಅದು ಆ ರೇವಿನಲ್ಲಿ ಎಷ್ಟು ಅಡಿ, ಎಷ್ಟು ಹೊತ್ತು ತಡವಾಗಿ, ಎಂಬುದನ್ನು ಮಾತ್ರ ಆ ರೇವಿನ ನೀರೇ ಹೇಳಬೇಕು. ಆದುದರಿಂದ ದಡದಲ್ಲಿ ಉಬ್ಬರಮಾಪಕವನ್ನು ನಿಲ್ಲಿಸಿ, ಗಂಟೆಗಂಟೆಗೂ ನೀರಿನ ಮಟ್ಟವನ್ನು ಬರೆದಿಟ್ಟು, ಅದರಿಂದ ಈ ಅಂಗಗಳನ್ನು ಬಿಡಿಸಿ ತೆಗೆಯಬೇಕು. ವರ್ಷವೊಂದರಲ್ಲಿ ಗಂಟೆಗಳು 8,760. ಅಷ್ಟೂ ಅಂಕಿಗಳ ಮೇಲೆ ಕೈಲೆಕ್ಕ ನಡೆಯಬೇಕು.

ಹೀಗೆ ಬಿಡಿಸಿದ ಅಂಗಗಳನ್ನು ಮುಂದಿನ ವರ್ಷಕ್ಕೆ ಮತ್ತೆ ಕೂಡಿಸುವುದಕ್ಕೆ ಕೆಲ್ವಿನ್ನರು ಹಿತ್ತಾಳೆಯ ಯಂತ್ರವೊಂದನ್ನು ಕಲ್ಪಿಸಿದರು. ಒಂದೊಂದು ಅಂಗಕ್ಕೆ ಒಂದೊಂದು ರಾಟೆ. ರಾಟೆಗಳೆಲ್ಲವನ್ನೂ ಹಾದುಹೋಗುವ ಒಂದೇ ತಂತಿ. ತಂತಿಯ ಕೊನೆಯಲ್ಲಿ ಲೇಖನಿ. ಹಿಡಿಯನ್ನು ತಿರುಗಿಸಿದರೆ ಹಲ್ಲುಚಕ್ರಗಳು ತಮ್ಮ ತಮ್ಮ ವೇಗದಿಂದ ತಿರುಗಿ ರಾಟೆಗಳನ್ನು ಮೇಲೆ ಕೆಳಗೆ ಆಡಿಸುವುವು, ಅವುಗಳ ಮೊತ್ತವು ಕಾಗದದ ಮೇಲೆ ಸಮುದ್ರದ ರೇಖೆಯಾಗಿ ಇಳಿಯುವುದು. ಈ ಜಾತಿಯ ಯಂತ್ರಗಳಲ್ಲಿ ಅತ್ಯಂತ ಹಳೆಯವುಗಳಲ್ಲೊಂದನ್ನು 1879ರಲ್ಲಿ ಕಟ್ಟಿದ್ದು ಭಾರತದ ರೇವುಗಳಿಗಾಗಿಯೇ ಎಂಬುದನ್ನು ನಮ್ಮವರು ನೆನಪಿಡಬೇಕು. ಆದರೆ ಆ ಯಂತ್ರವು ನಲವತ್ತು ವರ್ಷಗಳ ಕಾಲ ಇಂಗ್ಲೆಂಡಿನಲ್ಲಿಯೇ ಇತ್ತು. ನಮ್ಮ ಕಡಲನ್ನು ಇಲ್ಲಿ ಅಳೆದು, ಅಂಕಿಗಳನ್ನು ಅಲ್ಲಿಗೆ ಕಳುಹಿಸಿ, ನಮ್ಮ ಉಬ್ಬರ ಯಾವಾಗ ಬರುವುದೆಂಬುದನ್ನು ಅಲ್ಲಿಂದ ತರಿಸಿಕೊಳ್ಳುತ್ತಿದ್ದೆವು. 1921ರಲ್ಲಿ ಅದು ಡೆಹ್ರಾಡೂನಿನ ಸರ್ವೆ ಇಲಾಖೆಗೆ ಬಂದಿತು.

ಡೂಡ್ಸನ್ನರು ಲೇಖನಿಯನ್ನು ಹಿಡಿದಾಗ ಶಾಸ್ತ್ರವು ಈ ಮಟ್ಟದಲ್ಲಿತ್ತು.

ಮೌನದಲ್ಲಿ ಬೆಳೆದ ಗಣಿತಜ್ಞ

ಡೂಡ್ಸನ್ನರು 1890ರ ಮಾರ್ಚ್ 31ರಂದು, ಹತ್ತಿಗಿರಣಿಗಳ ಸೀಮೆಯಾದ ಲ್ಯಾಂಕಶೈರಿನ ಬೂತ್ಸ್‌ಟೌನ್ ಎಂಬ ಊರಿನಲ್ಲಿ ಹುಟ್ಟಿದರು. ಲಿವರ್‌ಪೂಲಿನ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗಮಾಡಿ 1912ರಲ್ಲಿ ಗಣಿತಶಾಸ್ತ್ರದಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ಇಂಥ ಪದವೀಧರನಿಗೆ ಆ ಕಾಲದಲ್ಲಿ ಸಹಜವಾದ ವೃತ್ತಿಯೆಂದರೆ ಉಪಾಧ್ಯಾಯವೃತ್ತಿ. ಆದರೆ ಯೌವನದಲ್ಲಿಯೇ ಅವರಿಗೆ ಕಿವಿ ಕೇಳಿಸದಂತಾಗಿತ್ತು. ಮಕ್ಕಳ ಪ್ರಶ್ನೆಯನ್ನು ಕೇಳಲಾರದವನಿಗೆ ತರಗತಿಯಲ್ಲಿ ಸ್ಥಾನವೆಲ್ಲಿಯದು? ಮ್ಯಾಂಚೆಸ್ಟರಿನಲ್ಲಿ ವಿದ್ಯುತ್ತಿನ ಮಾಪಕಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದರು. ಒಬ್ಬ ಉಪಾಧ್ಯಾಯರನ್ನು ಕಳೆದುಕೊಂಡ ದೈವವು ನಾವಿಕರಿಗೆ ಒಬ್ಬ ಜ್ಯೋತಿಷಿಯನ್ನು ಕೊಟ್ಟಿತೆಂದು ಈಗ ಹೇಳಬಹುದು. ಅಂದು ಅವರಿಗಾದ ನೋವನ್ನು ಅವರೇ ಬಲ್ಲರು.

1914ರಲ್ಲಿ ಮಹಾಯುದ್ಧವು ಆರಂಭವಾಯಿತು. ಡೂಡ್ಸನ್ನರು ಸಣ್ಣದೊಂದು ಕ್ರೈಸ್ತಪಂಥಕ್ಕೆ ಸೇರಿದ ದೃಢಭಕ್ತರು. ಮನುಷ್ಯನನ್ನು ಕೊಲ್ಲುವುದು ಮನಸ್ಸಾಕ್ಷಿಗೆ ವಿರುದ್ಧವೆಂದು ಸೈನ್ಯಸೇವೆಯನ್ನು ಒಪ್ಪದವರ ಸಾಲಿನಲ್ಲಿ ನಿಂತರು. 1916ರಲ್ಲಿ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಾರ್ಲ್ ಪಿಯರ್ಸನ್ನರ ಕೈಕೆಳಗೆ ಗಣಿತದ ಕೋಷ್ಟಕಗಳನ್ನು ಕಟ್ಟುವ ಕೆಲಸಕ್ಕೆ ಹೋದರು. ಆದರೆ ಯುದ್ಧವು ಗಣಿತಶಾಲೆಯ ಬಾಗಿಲನ್ನೂ ತಟ್ಟಿತು. ವಿಮಾನಗಳಿಗೆ ಗುರಿಯಿಡುವ ಫಿರಂಗಿಯ ಗುಂಡು ಆಕಾಶದಲ್ಲಿ ಯಾವ ಹಾದಿಯನ್ನು ಹಿಡಿಯುವುದೆಂಬ ಲೆಕ್ಕವು ಅಲ್ಲಿಗೆ ಬಂದಿತು. ಡೂಡ್ಸನ್ನರು ಆ ಲೆಕ್ಕದಲ್ಲಿಯೂ ಕೈಹಾಕಿದರು. ಕೋವಿಯನ್ನು ಹಿಡಿಯಲಾರೆನೆಂದವರು ಗುಂಡಿನ ದಾರಿಯನ್ನು ಗುಣಿಸಿದ್ದು ಸರಿಯೇ ತಪ್ಪೇ ಎಂದು ತೀರ್ಮಾನಿಸುವುದಕ್ಕೆ ನಾವು ನ್ಯಾಯಾಧಿಪತಿಗಳಲ್ಲ. ಯುದ್ಧಕಾಲದಲ್ಲಿ ವ್ರತವನ್ನು ಪೂರ್ಣವಾಗಿ ಕಾಯ್ದುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ದೇಶವೂ ಅನುಭವಿಸಿ ತಿಳಿದಿದೆ. ಅಲ್ಲಿ ಅವರು ಕಲಿತ ವಿದ್ಯೆಯೊಂದು ಮಾತ್ರ ಮುಂದಕ್ಕೆ ಶಾಂತಿಕಾರ್ಯಕ್ಕೆ ಸಂದಿತು: ಮಹತ್ತಾದ ಲೆಕ್ಕವೊಂದನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಅನೇಕರ ಕೈಗೆ ಹಂಚಿ, ಪ್ರತಿಹೆಜ್ಜೆಯನ್ನೂ ತಾಳೆನೋಡಿ, ತಪ್ಪಿಲ್ಲದೆ ಕೂಡಿಸುವ ವಿದ್ಯೆ ಅದು.

ಮುನ್ನೂರ ತೊಂಬತ್ತು ಅಂಗಗಳು

1919ರಲ್ಲಿ ಲಿವರ್‌ಪೂಲಿನ ಹಡಗು ವರ್ತಕರಾದ ಬೂತ್ ಸಹೋದರರ ಧನಸಹಾಯದಿಂದ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಉಬ್ಬರವಿಳಿತದ ಸಂಶೋಧನಸಂಸ್ಥೆಯು ಸ್ಥಾಪಿತವಾಯಿತು. ಜೋಸೆಫ್ ಪ್ರೌಡ್‌ಮನ್ ಎಂಬ ಗಣಿತವಿದ್ವಾಂಸರು ನಿರ್ದೇಶಕರು, ಡೂಡ್ಸನ್ನರು ಕಾರ್ಯದರ್ಶಿಗಳು. ಪ್ರೌಡ್‌ಮನ್ನರದು ತತ್ತ್ವಚಿಂತನೆ, ಡೂಡ್ಸನ್ನರದು ಲೆಕ್ಕ. ಈ ಜೋಡಿಯು ನಾಲ್ಕು ದಶಕಗಳ ಕಾಲ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ದುಡಿಯಿತು.

ಡೂಡ್ಸನ್ನರ ಮೊದಲನೆಯ ಮಹಾಕಾರ್ಯವು 1921ರಲ್ಲಿ ಪ್ರಕಟವಾಯಿತು. ಚಂದ್ರಗತಿಯನ್ನು ಕುರಿತು ಆಗ ಸಿದ್ಧವಾಗಿದ್ದ ಅತ್ಯಂತ ಸೂಕ್ಷ್ಮವಾದ ಗಣಿತವನ್ನು ತೆಗೆದುಕೊಂಡು, ಸೂರ್ಯಚಂದ್ರರ ಆಕರ್ಷಣದಲ್ಲಿ ಅಡಗಿರುವ ಸರಳ ಏರಿಳಿತಗಳನ್ನೆಲ್ಲಾ ಒಂದೊಂದಾಗಿ ಬಿಡಿಸಿ ಎಣಿಸಿದರು. ನಮ್ಮ ಪಂಚಾಂಗಕ್ಕೆ ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳು. ಡೂಡ್ಸನ್ನರ ಸಮುದ್ರಪಂಚಾಂಗಕ್ಕೆ ಸುಮಾರು 390 ಅಂಗಗಳು ಸಿದ್ಧವಾದುವು. ಪ್ರತಿಯೊಂದಕ್ಕೂ ಆರು ಅಂಕಿಗಳ ಗುರುತನ್ನು ಕೊಟ್ಟರು. ಆ ಗುರುತುಗಳಿಗೆ ಇಂದಿಗೂ ಜಗತ್ತಿನ ವಿಜ್ಞಾನಿಗಳಲ್ಲಿ ಡೂಡ್ಸನ್ ಸಂಖ್ಯೆಗಳೆಂದೇ ಹೆಸರು.

ಎರಡನೆಯ ಮಹಾಕಾರ್ಯವು ಅಳಿವೆಗಳಿಗೆ ಸಂಬಂಧಿಸಿದುದು. ನದಿಯು ಕಡಲನ್ನು ಸೇರುವೆಡೆಯನ್ನು ನಮ್ಮ ಕರಾವಳಿಯವರು ಅಳಿವೆಯೆನ್ನುತ್ತಾರೆ. ಕಾರವಾರದ ಹತ್ತಿರ ಕಾಳಿಯದು, ಹೊನ್ನಾವರದಲ್ಲಿ ಶರಾವತಿಯದು, ಮಂಗಳೂರಿನಲ್ಲಿ ನೇತ್ರಾವತಿ ಗುರುಪುರ ನದಿಗಳದು, ಎಲ್ಲವೂ ಅಳಿವೆಗಳೇ. ಆಳವಾದ ಕಡಲಿನಲ್ಲಿ ಉಬ್ಬರವು ಸಮವಾಗಿ ಏರಿ ಸಮವಾಗಿ ಇಳಿಯುತ್ತದೆ. ಆದರೆ ನೀರು ತೆಳುವಾಗಿರುವ ಅಳಿವೆಯಲ್ಲಿ ಅಲೆಯ ನೆತ್ತಿಯ ಕೆಳಗೆ ಆಳ ಹೆಚ್ಚು, ಬುಡದ ಕೆಳಗೆ ಆಳ ಕಡಿಮೆ. ಆಳ ಹೆಚ್ಚಿದ್ದಲ್ಲಿ ಅಲೆಯ ವೇಗವೂ ಹೆಚ್ಚು. ಆದುದರಿಂದ ನೆತ್ತಿಯು ಬುಡವನ್ನು ಬೆನ್ನಟ್ಟುತ್ತದೆ. ಏರುವಿಕೆ ಥಟ್ಟನೆ, ಇಳಿಯುವಿಕೆ ನಿಧಾನ. ತಳದ ಮರಳು ಕೆಸರುಗಳ ಘರ್ಷಣೆ ಬೇರೆ. ಮೇಲಿನಿಂದ ಬರುವ ಹೊಳೆಯ ಸಿಹಿನೀರು ಬೇರೆ. ಆಕಾಶದಲ್ಲಿ ಎಲ್ಲಿಯೂ ಇಲ್ಲದ, ಆರು ಗಂಟೆಗೊಮ್ಮೆ, ನಾಲ್ಕು ಗಂಟೆಗೊಮ್ಮೆ ಬರುವ ಹೊಸ ಏರಿಳಿತಗಳು ಇಲ್ಲಿ ಹುಟ್ಟಿಕೊಳ್ಳುತ್ತವೆ. ದೊಡ್ಡ ರೇವುಗಳು ಬಹುಮಟ್ಟಿಗೆ ಇಂಥ ಅಳಿವೆಗಳಲ್ಲಿಯೇ ಇರುವುದರಿಂದ, ಎಲ್ಲಿ ಲೆಕ್ಕವು ಅತ್ಯಗತ್ಯವೋ ಅಲ್ಲಿಯೇ ಲೆಕ್ಕವು ತಪ್ಪುತ್ತಿತ್ತು. ಡೂಡ್ಸನ್ನರು ವರ್ಷಾನುವರ್ಷದ ಉಬ್ಬರಮಾಪಕದ ಕಡತಗಳನ್ನು ಮುಂದಿಟ್ಟುಕೊಂಡು, ಲೆಕ್ಕ ಹೇಳಿದ್ದಕ್ಕೂ ನೀರು ಮಾಡಿದ್ದಕ್ಕೂ ಇರುವ ವ್ಯತ್ಯಾಸವನ್ನು ಬೆನ್ನುಹತ್ತಿ, ತೆಳುನೀರಿನ ತಿದ್ದುಪಡಿಗಳಿಗೆ ಕ್ರಮವನ್ನು ಹಾಕಿಕೊಟ್ಟರು.

ಈ ಕೆಲಸವೆಲ್ಲವೂ ನಡೆದದ್ದು ಹೇಗೆಂಬುದನ್ನೂ ಹೇಳಬೇಕು. ಶಾಲೆಯನ್ನು ಮುಗಿಸಿ ಬಂದ ತರುಣಿಯರು ಸಾಲಾಗಿ ಮೇಜುಗಳ ಮುಂದೆ ಕುಳಿತು, ಕೈಯಿಂದ ತಿರುಗಿಸುವ ಗುಣಕಯಂತ್ರಗಳನ್ನಿಟ್ಟುಕೊಂಡು, ದಿನವೆಲ್ಲಾ ಅಂಕಿಗಳನ್ನು ಕೂಡಿ ಕಳೆಯುತ್ತಿದ್ದರು. ಒಬ್ಬಳು ಬರೆದುದನ್ನು ಮತ್ತೊಬ್ಬಳು ಪರಿಶೀಲಿಸದೆ ಮುಂದಕ್ಕೆ ಹೋಗಕೂಡದೆಂಬುದು ಅಲ್ಲಿನ ಕಟ್ಟು. 1929ರಲ್ಲಿ ಸಂಸ್ಥೆಯು ಮರ್ಸಿ ನದಿಯ ಆಚೆ ದಡದ ಬಿಡ್‌ಸ್ಟನ್ ಗುಡ್ಡದ ಮೇಲಿರುವ ವೀಕ್ಷಣಾಲಯದೊಡನೆ ಸೇರಿತು; ಕೆಲ್ವಿನ್ನರ ಮಾದರಿಯ ಯಂತ್ರವೊಂದು, 40 ಅಂಗಗಳನ್ನು ಕೂಡಿಸಬಲ್ಲ ರಾಬರ್ಟ್ಸ್ ಯಂತ್ರವೊಂದು, ಹೀಗೆ ಎರಡು ಯಂತ್ರಗಳು ಅಲ್ಲಿ ಹಗಲೆಲ್ಲಾ ತಿರುಗಿದುವು. ಜಗತ್ತಿನ ಉಬ್ಬರದ ಕೋಷ್ಟಕಗಳಲ್ಲಿ ಹೆಚ್ಚಿನ ಭಾಗವು ಕ್ರಮೇಣ ಆ ಗುಡ್ಡದಿಂದಲೇ ಹೊರಡತೊಡಗಿತು. 1933ರಲ್ಲಿ ಡೂಡ್ಸನ್ನರು ರಾಯಲ್ ಸೊಸೈಟಿಯ ಸದಸ್ಯರಾಗಿ ಚುನಾಯಿತರಾದರು.

ಥೇಮ್ಸಿನ ನೆರೆ

ಇನ್ನು ನಾವು ಮೊದಲಿಗೆ ಸೂಚಿಸಿದ ಎರಡನೆಯ ಪಾಠಕ್ಕೆ ಬರೋಣ.

1928ರ ಜನವರಿ 6 ಮತ್ತು 7ರ ನಡುವಣ ರಾತ್ರಿ ಲಂಡನ್ ನಗರವು ಮಲಗಿದ್ದಾಗ ಥೇಮ್ಸ್ ನದಿಯು ದಡವನ್ನು ಮೀರಿತು. ಮಿಲ್‌ಬ್ಯಾಂಕ್ ಎಂಬಲ್ಲಿ ದಡದ ಗೋಡೆ ಒಡೆದು ನೀರು ನೆಲಮಾಳಿಗೆಗಳಿಗೆ ನುಗ್ಗಿತು. ಅಲ್ಲಿ ಮಲಗಿದ್ದವರು ಬಡವರು. 14 ಮಂದಿ ಮುಳುಗಿ ಸತ್ತರು. ಸಾವಿರಾರು ಜನ ಮನೆಯನ್ನು ಕಳೆದುಕೊಂಡರು. ಟೇಟ್ ಚಿತ್ರಶಾಲೆಯ ಕೆಳಗಿನ ಕೋಣೆಗಳಲ್ಲಿಯೂ ನೀರು ನಿಂತಿತು. ಹಿಂದಿನ ವಾರಗಳಲ್ಲಿ ಮಲೆಸೀಮೆಯಲ್ಲಿ ಬಿದ್ದ ಹಿಮವು ಕರಗಿ ನದಿಯು ತುಂಬಿದ್ದಿತು. ಆದುದರಿಂದ ಇದು ಹೊಳೆಯ ಪ್ರವಾಹವೆಂದು ಜನರು ಹೇಳಿಕೊಂಡರು.

ನಿಜವಾದ ಕಾರಣವನ್ನು ಹುಡುಕುವ ಭಾರವು ಡೂಡ್ಸನ್ನರ ಮೇಲೆ ಬಿದ್ದಿತು. ಅವರ ಮಾರ್ಗವು ಸರಳ. ನೀರು ವಾಸ್ತವವಾಗಿ ಏರಿದ ಮಟ್ಟದಿಂದ, ಪಂಚಾಂಗವು ಹೇಳಿದ ಉಬ್ಬರದ ಮಟ್ಟವನ್ನು ಕಳೆದರೆ ಉಳಿಯುವುದೇನೋ ಅದು ಸೂರ್ಯಚಂದ್ರರ ಕೆಲಸವಲ್ಲ. ಅದು ಗಾಳಿಯ ಮತ್ತು ವಾಯುಭಾರದ ಕೆಲಸ. ಅಳಿವೆಯ ಬಾಯಿಯಲ್ಲಿರುವ ಸೌತೆಂಡಿನ ಉಬ್ಬರಮಾಪಕದ ಕಡತಗಳಿಂದ ಹೀಗೆ ಕಳೆದು ನೋಡಿ, ಅವುಗಳನ್ನು ಹವಾಮಾನದ ಇಲಾಖೆಯ ದಾಖಲೆಗಳೊಡನೆ ಹೊಂದಿಸಿ 1929ರಲ್ಲಿ ವರದಿಯನ್ನು ಪ್ರಕಟಿಸಿದರು. ಉಬ್ಬರದ ಕೋಷ್ಟಕವು ಶುದ್ಧವಾಗಿದ್ದುದರಿಂದಲೇ ಈ ಶೇಷವು ಕಣ್ಣಿಗೆ ಬಿದ್ದಿತೆಂಬುದನ್ನು ಗಮನಿಸಬೇಕು. ಕೋಷ್ಟಕವೇ ತಪ್ಪಾಗಿದ್ದರೆ ಯಾವುದು ಚಂದ್ರನದು ಯಾವುದು ಗಾಳಿಯದು ಎಂದು ಯಾರು ಹೇಳಬಲ್ಲರು?

ವರದಿಯ ಸಾರವಿದು. ನೆರೆಯ ಮುಖ್ಯ ಕಾರಣವು ಮೇಲಿನ ಹೊಳೆಯಲ್ಲ, ಹೊರಗಿನ ಕಡಲು. ವಾಯುಭಾರಮಾಪಕದಲ್ಲಿ ಪಾದರಸವು ಒಂದಂಗುಲ ಇಳಿದರೆ ಕೆಳಗಿರುವ ಸಮುದ್ರವು ಸುಮಾರು ಹದಿಮೂರು ಅಂಗುಲ ಏರುತ್ತದೆ. ಅದಕ್ಕೆ ಬಿರುಗಾಳಿಯ ನೂಕು ಸೇರುತ್ತದೆ. ಉತ್ತರಸಮುದ್ರವು ಆಲಿಕೆಯಂತಿದೆ: ಉತ್ತರದಲ್ಲಿ ಅಗಲ ಮತ್ತು ಆಳ, ದಕ್ಷಿಣದಲ್ಲಿ ಇರುಕು ಮತ್ತು ತೆಳುವು. ಉತ್ತರದಲ್ಲಿ ಎದ್ದ ನೀರಿನ ದಿಬ್ಬವು ಬ್ರಿಟನ್ನಿನ ಪೂರ್ವತೀರವನ್ನು ಹಿಡಿದುಕೊಂಡು, ಸ್ಕಾಟ್ಲೆಂಡಿನಿಂದ ಲಿಂಕನ್‌ಶೈರ್, ಅಲ್ಲಿಂದ ಎಸೆಕ್ಸ್, ಅಲ್ಲಿಂದ ಥೇಮ್ಸಿನ ಅಳಿವೆ, ಹೀಗೆ ಗಂಟೆಗಳ ಲೆಕ್ಕದಲ್ಲಿ ಕೆಳಗೆ ಸರಿಯುತ್ತದೆ. ಎಂದರೆ ಉತ್ತರದ ರೇವಿನಲ್ಲಿ ಅಳೆಯುತ್ತಿರುವವನು ದಕ್ಷಿಣದವನಿಗೆ ಹಲವು ಗಂಟೆ ಮುಂಚಿತವಾಗಿ ಎಚ್ಚರಿಕೆಯನ್ನು ಕೊಡಬಲ್ಲನು. ಒಂದು ತಂತಿಸಮಾಚಾರಕ್ಕೆ ಅಷ್ಟು ಹೊತ್ತು ಧಾರಾಳವಾಯಿತು.

ಸ್ಥಳ ಝಡ್

ಇದರ ನಡುವೆ ಮತ್ತೊಂದು ಮಹಾಯುದ್ಧ ಬಂದಿತು. 1943ರ ಅಕ್ಟೋಬರಿನಲ್ಲಿ ನೌಕಾಖಾತೆಯ ಅಧಿಕಾರಿಯಾದ ಫಾರ್ಕ್ವರ್‌ಸನ್ ಎಂಬವರು ಡೂಡ್ಸನ್ನರಿಗೆ ಕೈಬರಹದ ಕಾಗದವೊಂದನ್ನು ಕಳುಹಿಸಿದರು. ಅದರಲ್ಲಿ ಹನ್ನೊಂದು ಅಂಗಗಳ ಬೆಲೆಗಳಿದ್ದುವು. ಊರಿನ ಹೆಸರಿರಲಿಲ್ಲ, ಸ್ಥಳ ಝಡ್ ಎಂದು ಮಾತ್ರವಿತ್ತು. 1944ರ ಏಪ್ರಿಲ್ 1ರಿಂದ ನಾಲ್ಕು ತಿಂಗಳ ಕಾಲ ಗಂಟೆಗಂಟೆಯ ನೀರಿನ ಮಟ್ಟವು ಅತಿ ಜರೂರಾಗಿ ಬೇಕೆಂದು ಕೇಳಿದ್ದರು. ಆ ಸ್ಥಳವು ಫ್ರಾನ್ಸಿನ ನಾರ್ಮಂಡಿಯ ತೀರವಾಗಿದ್ದಿತು.

ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು 20 ಅಡಿಗಳ ಅಂತರ. ಜರ್ಮನರು ಉಬ್ಬರದಲ್ಲಿ ಮುಳುಗಿಹೋಗುವಂತೆ ಮರಳಿನಲ್ಲಿ ಕಂಬಗಳನ್ನೂ ಸಿಡಿಗುಂಡುಗಳನ್ನೂ ನೆಟ್ಟಿದ್ದರು. ಅವು ಕಾಣಬೇಕಾದರೆ ಇಳಿತದಲ್ಲಿ ಇಳಿಯಬೇಕು. ಸೂರ್ಯೋದಯದ ಸುಮಾರಿಗೆ ಇಳಿತವಿರಬೇಕು. ಹಿಂದಿನ ರಾತ್ರಿ ವಿಮಾನಗಳಿಗೆ ಬೆಳದಿಂಗಳಿರಬೇಕು. ಇವೆಲ್ಲವೂ ಕೂಡಿಬರುವ ದಿನಗಳು ಆ ಜೂನ್ ತಿಂಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇದ್ದುವು. ಜೂನ್ 6ರ ಮುಂಜಾನೆ ಸೈನ್ಯಗಳು ಇಳಿದುವು. ಕೊಲ್ಲುವುದನ್ನು ಒಪ್ಪದವರ ಅಂಕಿಗಳು ಮಹಾಸೈನ್ಯವೊಂದಕ್ಕೆ ಮುಹೂರ್ತವಾದುವು. ಇದರಲ್ಲಿ ಅವರ ಅಂತರಂಗವು ಏನೆಂದಿತೋ ನಾವು ಊಹಿಸಹೋಗುವುದಿಲ್ಲ. ಯುದ್ಧವು ಮುಗಿದ ವರ್ಷ, 1945ರಲ್ಲಿ, ಅವರು ಸಂಸ್ಥೆಯ ನಿರ್ದೇಶಕರಾದರು.

ಇಲ್ಲಿ ನಾವು ಗಮನಿಸಬೇಕಾದುದು ಬೇರೊಂದು. ಸೈನ್ಯಕ್ಕೆ ಉಬ್ಬರದ ಲೆಕ್ಕವು ಬೇಕಾದಾಗ ಕಾಗದವು ಕೈಯಿಂದ ಕೈಗೆ ಕ್ಷಣವೂ ನಿಲ್ಲದೆ ಹೋಯಿತು. ಬಂದ ಅಂಕಿಯು ಸೇನಾಧಿಪತಿಯ ಮೇಜಿನಿಂದ ದೋಣಿಯ ಚುಕ್ಕಾಣಿಯವನವರೆಗೂ ತಲುಪಿತು. ಅದೇ ಲೆಕ್ಕವು ದಡದಲ್ಲಿ ಮಲಗಿದ್ದ ಸಾಮಾನ್ಯ ಜನರಿಗೆ ಬೇಕಾದಾಗ ಏನಾಯಿತೆಂಬುದನ್ನು ನೋಡಿ.

1953ರ ರಾತ್ರಿ

1953ರ ಜನವರಿ 31, ಶನಿವಾರ. ಉತ್ತರಸಮುದ್ರದ ಮೇಲೆ ಘೋರವಾದ ಬಿರುಗಾಳಿ ಎದ್ದಿತು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಡೂಡ್ಸನ್ನರು ಬರೆದಿದ್ದಂತೆಯೇ ನೀರಿನ ದಿಬ್ಬವು ಪೂರ್ವತೀರವನ್ನು ಹಿಡಿದುಕೊಂಡು ದಕ್ಷಿಣಕ್ಕೆ ಹೊರಟಿತು. ಸಂಜೆ ಏಳರ ಸುಮಾರಿಗೆ ಲಿಂಕನ್‌ಶೈರಿನ ದಡಗಳು ಒಡೆದುವು. ಆ ಬಳಿಕ ನಾರ್‌ಫಕ್, ಆ ಬಳಿಕ ಸಫಕ್. ಥೇಮ್ಸಿನ ಅಳಿವೆಯಲ್ಲಿರುವ ಕ್ಯಾನ್‌ವೀ ದ್ವೀಪಕ್ಕೆ ನೀರು ನುಗ್ಗಿದಾಗ ಮಧ್ಯರಾತ್ರಿ ಕಳೆದಿತ್ತು. ಮೊದಲನೆಯ ಊರು ಮುಳುಗಿದ ಮೇಲೆ ಐದು ಗಂಟೆಗಳಿಗೂ ಹೆಚ್ಚು ಕಾಲ ಕೈಯಲ್ಲಿತ್ತು. ಆದರೂ ಕ್ಯಾನ್‌ವೀಯ ಜನರು ಏನೂ ತಿಳಿಯದೆ ಮಲಗಿದ್ದರು. ಅಲ್ಲಿಯೇ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಕೆಲವೆಡೆಗಳಲ್ಲಿ ನೀರು ಕೋಷ್ಟಕದ ಮಟ್ಟಕ್ಕಿಂತ ಎಂಟು ಅಡಿಗೂ ಮಿಗಿಲಾಗಿ ಏರಿತ್ತು. ಇಂಗ್ಲೆಂಡಿನಲ್ಲಿ ನೆರೆಗೆ ಬಲಿಯಾದವರು 307 ಮಂದಿ. ಎದುರು ದಡದ ಹಾಲೆಂಡಿನಲ್ಲಿ 1,836 ಮಂದಿ.

ಇದು ಅಜ್ಞಾನದಿಂದಾದ ಅನಾಹುತವಲ್ಲ. ನೀರು ಯಾವ ದಾರಿಯಲ್ಲಿ ಬರುವುದೆಂಬುದು ತಿಳಿದಿತ್ತು, ಬರೆದಿತ್ತು, ಅಚ್ಚಾಗಿತ್ತು. ಆದರೆ ತಿಳಿದವನಿಂದ ಕೇಳಬೇಕಾದವನವರೆಗೆ ಸುದ್ದಿಯನ್ನು ಹೊತ್ತು ಒಯ್ಯುವ ಏರ್ಪಾಡು ಆ ಇಡೀ ತೀರಕ್ಕೆ ಇರಲಿಲ್ಲ. ಒಂದು ಜಿಲ್ಲೆಯ ಪೋಲೀಸಿನವರು ತಮ್ಮಲ್ಲಿ ನೀರು ನುಗ್ಗಿದ ಮೇಲೆ ತಮ್ಮ ಜನರನ್ನು ಎತ್ತುವುದರಲ್ಲಿ ಮಗ್ನರಾದರು; ಮುಂದಿನ ಜಿಲ್ಲೆಗೆ ಹೇಳುವುದು ಯಾರ ಕರ್ತವ್ಯವೆಂದು ಎಲ್ಲಿಯೂ ನಿಗದಿಯಾಗಿರಲಿಲ್ಲ. ತಂತಿಗಳು ಬಿದ್ದಿದ್ದುವು, ವಾರದ ಕೊನೆಯಾದುದರಿಂದ ಕಚೇರಿಗಳು ಮುಚ್ಚಿದ್ದುವು. ವಿದ್ವಾಂಸನ ವರದಿಯು ಕಪಾಟಿನಲ್ಲಿ ಕ್ಷೇಮವಾಗಿತ್ತು, ಜನರು ನೀರಿನಲ್ಲಿದ್ದರು.

ಆ ಮೇಲೆ ಬ್ರಿಟಿಷ್ ಸರಕಾರವು ವಿಚಾರಣಾಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷರಾದ ಲಾರ್ಡ್ ವೇವರ್ಲಿಯವರು ಬೇರಾರೂ ಅಲ್ಲ, 1932ರಿಂದ 1937ರವರೆಗೆ ಬಂಗಾಳದ ಗವರ್ನರಾಗಿದ್ದ ಸರ್ ಜಾನ್ ಆಂಡರ್‌ಸನ್ನರೇ. ನಮ್ಮ ದೇಶಭಕ್ತರ ನೆನಪಿನಲ್ಲಿ ಆ ಹೆಸರು ಸವಿಯಾಗಿ ಉಳಿದಿಲ್ಲ. ಆದರೂ ಈ ಕೆಲಸವನ್ನು ಅವರು ದಕ್ಷತೆಯಿಂದ ಮಾಡಿದರೆಂದು ಒಪ್ಪುವುದು ನ್ಯಾಯ. ಉಬ್ಬರವನ್ನೂ ಬಿರುಗಾಳಿಯನ್ನೂ ಒಟ್ಟಿಗೆ ನೋಡಿ ಎಚ್ಚರಿಕೆ ಕೊಡುವ ಖಾಯಂ ಶಾಖೆಯು ಅದೇ ವರ್ಷ ಏರ್ಪಟ್ಟಿತು. ಥೇಮ್ಸಿಗೆ ಅಡ್ಡಲಾಗಿ, ಬೇಕಾದಾಗ ಮುಚ್ಚುವ ಬಾಗಿಲನ್ನು ಕಟ್ಟುವ ವಿಚಾರವೂ ಮುಂದಕ್ಕೆ ಬಂದಿತು. ಆ ಬಾಗಿಲು 1982ರಿಂದ ಕೆಲಸ ಮಾಡುತ್ತಿದೆ.

ಡೂಡ್ಸನ್ನರಿಗೆ ಆಗ ಅರುವತ್ತು ಕಳೆದಿತ್ತು. ನಾನು ಮುಂಚೆಯೇ ಹೇಳಿರಲಿಲ್ಲವೇ ಎಂದು ಅವರು ಜಗಳಕ್ಕೆ ನಿಲ್ಲಲಿಲ್ಲ. ಮತ್ತೆ ಲೆಕ್ಕಕ್ಕೆ ಕುಳಿತರು. 1956ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಉದ್ದನೆಯ ಕೊಲ್ಲಿಯೊಂದನ್ನು ಕಾಗದದ ಮೇಲೆ ಕಲ್ಪಿಸಿ, ಅದರಲ್ಲಿ ಉಬ್ಬರವನ್ನೂ ಬಿರುಗಾಳಿಯ ಏರುನೀರನ್ನೂ ಒಟ್ಟಿಗೆ ಹರಿಸಿ, ಹೆಜ್ಜೆಹೆಜ್ಜೆಯಾಗಿ ಗುಣಿಸಿ ನೋಡಿದರು. ಉಬ್ಬರಕ್ಕೆ ಏರುನೀರನ್ನು ಸುಮ್ಮನೆ ಕೂಡಿಸಿದರೆ ಸಾಲದು. ನೀರು ಆಳವಾದಾಗ ಅಲೆಯ ವೇಗವೂ ತಳದ ಘರ್ಷಣೆಯೂ ಬದಲಾಗುವುದರಿಂದ ಒಂದು ಮತ್ತೊಂದನ್ನು ತಿದ್ದುತ್ತದೆ. ಇಂಥ ಕಾಗದದ ಕಡಲೇ ಮುಂದೆ ಕಂಪ್ಯೂಟರಿನ ಕಡಲಾಯಿತು. 1978ರಿಂದ ಬ್ರಿಟನ್ನಿನ ಹವಾಮಾನ ಇಲಾಖೆಯು ಗಣಕದೊಳಗಿನ ಉತ್ತರಸಮುದ್ರವನ್ನು ದಿನನಿತ್ಯದ ಎಚ್ಚರಿಕೆಗೆ ಬಳಸತೊಡಗಿತು. ಹಿತ್ತಾಳೆಯ ರಾಟೆಗಳು ನಿಂತುವು. ಡೂಡ್ಸನ್ನರೇ ರೂಪಿಸಿ 1950ರಲ್ಲಿ ಸಿದ್ಧವಾದ 42 ಅಂಗಗಳ ಯಂತ್ರವು ಈಗ ಲಿವರ್‌ಪೂಲಿನಲ್ಲಿ ಪ್ರದರ್ಶನದ ವಸ್ತುವಾಗಿದೆ. ಡೂಡ್ಸನ್ನರು 1960ರಲ್ಲಿ ನಿವೃತ್ತರಾಗಿ 1968ರ ಜನವರಿ 10ರಂದು ಸ್ವರ್ಗಸ್ಥರಾದರು.

ಈ ಶ್ರಮದ ಫಲವೇನೆಂಬುದನ್ನು 2013ರ ಡಿಸೆಂಬರ್ 5ರ ರಾತ್ರಿ ಲೋಕವು ಕಂಡಿತು. ಅಂದು ಉತ್ತರಸಮುದ್ರವು ಅದೇ ತೀರದಲ್ಲಿ ಅನೇಕ ಕಡೆ 1953ರ ಮಟ್ಟಕ್ಕೆ ಸಮನಾಗಿ, ಕೆಲವೆಡೆ ಅದನ್ನೂ ಮೀರಿ ಏರಿತು. ಆದರೆ ಎಚ್ಚರಿಕೆಯು ಮುಂಚಿತವಾಗಿಯೇ ಹೋಗಿತ್ತು. ಸಾವಿರಾರು ಜನರು ಮನೆಗಳನ್ನು ಬಿಟ್ಟು ಸರಿದಿದ್ದರು. ಥೇಮ್ಸಿನ ಬಾಗಿಲು ಮುಚ್ಚಿತ್ತು. ಮನೆಗಳಿಗೆ ನೀರು ನುಗ್ಗಿತು, ನಷ್ಟವಾಯಿತು; ಆದರೆ ಹಿಂದಿನಂತೆ ಬೆಳಗಾದಾಗ ಹೆಣಗಳನ್ನು ಸಾಲಾಗಿ ಮಲಗಿಸಬೇಕಾಗಲಿಲ್ಲ.

ನಮ್ಮ ಕಡಲು, ನಮ್ಮ ಲೆಕ್ಕ

ಈ ಪಾಠವನ್ನು ನಮ್ಮ ದೇಶವೂ ದುಬಾರಿ ಬೆಲೆಗೇ ಕೊಂಡಿದೆ. 1999ರ ಅಕ್ಟೋಬರಿನಲ್ಲಿ ಒಡಿಶಾದ ತೀರವನ್ನು ಹೊಡೆದ ಚಂಡಮಾರುತಕ್ಕೂ ಅದು ತಂದ ಕಡಲನೆರೆಗೂ ಸುಮಾರು 10,000 ಜನರು ಬಲಿಯಾದರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಚಂಡಮಾರುತವು ಅದೇ ತೀರಕ್ಕೆ ಬಂದಾಗ ಲಕ್ಷಗಟ್ಟಲೆ ಜನರನ್ನು ಮುಂಚಿತವಾಗಿ ಸ್ಥಳಾಂತರಿಸಿದುದರಿಂದ ಜೀವಹಾನಿಯು ಕೆಲವು ಹತ್ತುಗಳಲ್ಲಿ ನಿಂತಿತು. ಸಮುದ್ರವು ಬದಲಾಗಲಿಲ್ಲ, ನಡುವಣ ಹದಿನಾಲ್ಕು ವರ್ಷಗಳಲ್ಲಿ ಬದಲಾದುದು ಅಳೆಯುವ ಕ್ರಮ ಮತ್ತು ಹೇಳುವ ಕ್ರಮ. ನಮ್ಮ ರೇವುಗಳ ಉಬ್ಬರಕೋಷ್ಟಕವನ್ನು ಇಂದು ನಮ್ಮ ಸರ್ವೆ ಇಲಾಖೆಯೇ ವರ್ಷವರ್ಷವೂ ಪ್ರಕಟಿಸುತ್ತದೆ. ಕಡಲಿನ ಎಚ್ಚರಿಕೆಗಳು ಹೈದರಾಬಾದಿನ ನಮ್ಮದೇ ಸಂಸ್ಥೆಯಿಂದ ಹೊರಡುತ್ತವೆ. ನಮ್ಮ ನೀರಿನ ಲೆಕ್ಕಕ್ಕಾಗಿ ಪರದೇಶದ ಬಾಗಿಲಲ್ಲಿ ನಿಲ್ಲಬೇಕಾಗಿದ್ದ ಕಾಲವು ಹೋಯಿತು. ಇದು ಸ್ವರಾಜ್ಯದ ಲಾಭಗಳಲ್ಲಿ ಯಾರೂ ಎಣಿಸದ ಒಂದು ಲಾಭ.

ಆದರೆ ಲಾಭವನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಉಬ್ಬರಮಾಪಕದ ಮುಂದೆ ಕುಳಿತು ಅಂಕಿಯನ್ನು ಬರೆಯುವ ಕೆಲಸಕ್ಕೆ ಹಾರತುರಾಯಿಗಳಿಲ್ಲ. ಹತ್ತು ವರ್ಷ ಬರೆದರೂ ಫಲವು ಕಾಣುವುದಿಲ್ಲ; ಒಂದು ವರ್ಷ ಬಿಟ್ಟರೆ ಮಾತ್ರ ಕಡತದಲ್ಲಿ ಎಂದಿಗೂ ತುಂಬಲಾಗದ ಕಂಡಿಯು ಬೀಳುತ್ತದೆ, ಏಕೆಂದರೆ ಹೋದ ಉಬ್ಬರವನ್ನು ಮತ್ತೆ ಕರೆದು ಅಳೆಯಲು ಬಾರದು. ಆಯವ್ಯಯದಲ್ಲಿ ಉಳಿತಾಯ ಮಾಡಬೇಕಾದಾಗ ಮೊದಲು ಕತ್ತರಿ ಬೀಳುವುದು ಇಂಥ ನಿಶ್ಶಬ್ದವಾದ ಕೆಲಸಗಳ ಮೇಲೆಯೇ ಎಂಬುದನ್ನು ನಮ್ಮ ಅಧಿಕಾರಿ ಮಿತ್ರರು ಚೆನ್ನಾಗಿ ಬಲ್ಲರು. ಕತ್ತರಿಯನ್ನು ಎತ್ತುವ ಮುನ್ನ ಅವರು ಕ್ಯಾನ್‌ವೀ ದ್ವೀಪದ ಆ ಐದು ಗಂಟೆಗಳನ್ನು ನೆನೆಯಲಿ. ತಮ್ಮ ಕಚೇರಿಗೆ ಬಂದ ವರದಿಯು ಅಲ್ಲಿಂದ ಯಾರ ಬಾಗಿಲಿಗೆ, ಎಷ್ಟು ಹೊತ್ತಿಗೆ, ಯಾರ ಕೈಯಿಂದ ಹೋಗಬೇಕೆಂಬುದು ನಿಗದಿಯಾಗಿದೆಯೇ ಎಂದು ಒಮ್ಮೆ ಕೇಳಿಕೊಳ್ಳಲಿ.

ಪಂಚಾಂಗವನ್ನು ಕಪಾಟಿನಲ್ಲಿಟ್ಟು ಬೀಗಹಾಕಿದರೆ ಅದರಲ್ಲಿ ಬರೆದಿರುವ ಗ್ರಹಣವು ನಿಲ್ಲುವುದಿಲ್ಲ. ಆದುದರಿಂದಲೇ ನಮ್ಮ ಹಿರಿಯರು ಪಂಚಾಂಗವನ್ನು ಗುಣಿಸುವುದರೊಂದಿಗೆ ಅದನ್ನು ಊರಿನವರೆಲ್ಲರಿಗೂ ಓದಿ ಹೇಳುವ ಪದ್ಧತಿಯನ್ನೂ ಇಟ್ಟರು. ಡೂಡ್ಸನ್ನರು ತಮ್ಮ ಪಾಲಿನ ಗುಣಿತವನ್ನು ಲೋಪವಿಲ್ಲದೆ ಮುಗಿಸಿ ಹೋದರು. ಓದಿ ಹೇಳುವ ಪಾಲು ಎಂದೆಂದಿಗೂ ರಾಜ್ಯದ್ದು.